ಬೀದಿ ಕುದುರೆಗೆ ಛತ್ರದ ಅನ್ನ ಹಾಕ್ಬೇಡಿ: ಬಿಟ್ಟುಹೋದ ಕುದುರೆ ಸಾಕೋದು ಅಂದ್ರೆ ದಿನಾ ಏನೇನು ಕೆಲಸ?

ಎರಡು ವರ್ಷದ ಹಿಂದಿನ ಮಾತು. ಒಂದು ಛತ್ರದ ಹಿಂದೆ ಕಂದು ಬಣ್ಣದ ಕುದುರೆಯೊಂದು ಬಂದು ನಿಂತಿತ್ತು. ಪಕ್ಕೆಲುಬು ಎಣಿಸಬಹುದಿತ್ತು. ಯಾರದ್ದು ಅಂತ ಯಾರಿಗೂ ಗೊತ್ತಿಲ್ಲ. ಅಡುಗೆಯವರು ಪಾಪ ಅಂತ ಮಿಕ್ಕಿದ ಅನ್ನ, ಪಾಯಸ ಎಲ್ಲ ಒಂದು ಟಬ್‌ಗೆ ಸುರಿದು ಮುಂದಿಟ್ಟರು. ಪಕ್ಕದ ಬೇಕರಿಯಿಂದ ಹಳೇ ಬ್ರೆಡ್ ಬಂತು. ಅದು ಗಬಗಬ ತಿನ್ನೋದನ್ನ ನೋಡಿ ನಾವೆಲ್ಲ ಸಂತೋಷಪಟ್ಟೆವು, ನಾನೂ ಮೊಬೈಲಲ್ಲಿ ವಿಡಿಯೋ ಮಾಡಿದೆ. ಮಾರನೇ ದಿನ ಬೆಳಿಗ್ಗೆ ಅದೇ ಜಾಗದಲ್ಲಿ ಕಾಲು ಚಾಚಿ ಸತ್ತುಬಿದ್ದಿತ್ತು. ಬಂದ ಪಶುವೈದ್ಯರು ಹೇಳಿದ್ದು ಒಂದೇ ಮಾತು: "ಹಸಿವಿನಿಂದ ಸತ್ತಿಲ್ಲ, ಊಟದಿಂದ ಸತ್ತಿದೆ."

ಆಮೇಲೆ ಊರಾಚೆ ಪರಿಚಯದವರ ತೋಟಕ್ಕೆ ಹೋಗೋದು ಅಭ್ಯಾಸವಾಯ್ತು. ಅಲ್ಲಿ ಮೂರು ಕುದುರೆ, ಎರಡು ಕತ್ತೆ, ರಸ್ತೆಯಲ್ಲಿ ಪೆಟ್ಟು ತಿಂದ ನಾಲ್ಕೈದು ಹಸು ಇವೆ. ಕುದುರೆಗಳಲ್ಲಿ ಒಂದು ಟಾಂಗಾದ್ದು, ಇನ್ನೊಂದು ಮದುವೆ ಮೆರವಣಿಗೆಗೆ ಬಾಡಿಗೆ ಹೋಗ್ತಿದ್ದದ್ದು, ಮೂರನೇದು ಎಲ್ಲಿಯದೋ ಗೊತ್ತಿಲ್ಲ. ಅವುಗಳನ್ನು ನೋಡ್ಕೊಳ್ಳೋದು ಹಿಂದೆ ಟಾಂಗಾ ಹೊಡೀತಿದ್ದ ಒಬ್ಬ ತಾತ. ಈ ಬರಹದಲ್ಲಿ ಅರ್ಧ ಅವರ ಬಾಯಿಂದ ಕೇಳಿದ್ದು, ಇನ್ನರ್ಧ ಪಶುವೈದ್ಯರು ತಿದ್ದಿ ಹೇಳಿದ್ದು.

ಕುದುರೆ ಹೊಟ್ಟೆ ಹಸುವಿನ ಹೊಟ್ಟೆ ಅಲ್ಲ

ಹಸು ತಿಂದದ್ದನ್ನು ಮತ್ತೆ ಬಾಯಿಗೆ ತಂದು ಮೆಲುಕು ಹಾಕುತ್ತೆ. ಕುದುರೆಗೆ ಆ ದಾರಿ ಇಲ್ಲ. ಅದಕ್ಕೆ ವಾಂತಿ ಕೂಡ ಮಾಡೋಕೆ ಆಗೋದಿಲ್ಲ. ಅನ್ನನಾಳ ಜಠರಕ್ಕೆ ಸೇರುವ ಕಡೆ ಇರುವ ಸ್ನಾಯು ಅಷ್ಟು ಬಿಗಿ, ಒಳಗೆ ಹೋದದ್ದು ಹಿಂದಕ್ಕೆ ಬರೋ ಮಾತೇ ಇಲ್ಲ. ಅಷ್ಟು ದೊಡ್ಡ ಪ್ರಾಣಿಯ ಜಠರ ಹಿಡಿಸೋದು 8ರಿಂದ 15 ಲೀಟರ್ ಮಾತ್ರ. ನೀರು ಸೇದುವ ಒಂದು ಬಕೆಟ್ ಅಂತ ಇಟ್ಕೊಳ್ಳಿ. ಅದಕ್ಕೇ ಬಯಲಲ್ಲಿ ಬಿಟ್ಟ ಕುದುರೆ ದಿನದಲ್ಲಿ 14-16 ಗಂಟೆ ಸ್ವಲ್ಪ ಸ್ವಲ್ಪವಾಗಿ ಮೇಯ್ತಾನೇ ಇರುತ್ತೆ.

ಈಗ ಒಂದೇ ಸಲಕ್ಕೆ ಒಂದು ಟಬ್ ಅನ್ನ ಹಾಕಿದ್ರೆ? ಅಷ್ಟು ಪಿಷ್ಟ ಸಣ್ಣ ಕರುಳಲ್ಲಿ ಜೀರ್ಣ ಆಗಲ್ಲ. ಅದು ಹಾಗೇ ದೊಡ್ಡ ಕರುಳಿಗೆ ಇಳಿಯುತ್ತೆ. ಅಲ್ಲಿರೋದು ಹುಲ್ಲು ಕೊಳೆಸಿ ಶಕ್ತಿ ಮಾಡಿಕೊಡುವ ಸೂಕ್ಷ್ಮಜೀವಿಗಳು. ಅನ್ನ ಬಂದ ಕೂಡಲೇ ಅಲ್ಲಿ ಹುಳಿ ಎದ್ದು, ಗ್ಯಾಸ್ ತುಂಬಿ, ಒಳ್ಳೆ ಜೀವಿಗಳು ಸತ್ತು ವಿಷ ರಕ್ತಕ್ಕೆ ಸೇರುತ್ತೆ. ಹೊಟ್ಟೆ ಉಬ್ಬಿ ಶೂಲೆ ಬರುತ್ತೆ. ಕೆಲವೊಮ್ಮೆ ಜಠರವೇ ಒಡೆದುಹೋಗುತ್ತೆ. ಅದರಿಂದ ಪಾರಾದ್ರೂ ಒಂದೆರಡು ದಿನದಲ್ಲಿ ಗೊರಸಿನ ಒಳಗೆ ಊತ ಬಂದು ಮುಂಗಾಲು ಊರಕ್ಕಾಗದೆ ಹಿಂದಕ್ಕೆ ವಾಲಿ ನಿಲ್ಲುತ್ತೆ. ಹೊಟ್ಟೆಗೆ ತಿಂದದ್ದು ಕಾಲಿಗೆ ಹೇಗೆ ಹೋಯ್ತು ಅಂತ ನಾನೂ ಕೇಳಿದ್ದೆ. ಹೋಗುತ್ತೆ, ಎಷ್ಟೋ ಕುದುರೆ ಕುಂಟಾಗೋದೇ ಹೀಗೆ.

ಒಣಕಲು ಕುದುರೆಗೆ ಇನ್ನೊಂದು ಅಪಾಯ ಇದೆ. ತಿಂಗಳುಗಟ್ಟಲೆ ಉಪವಾಸ ಇದ್ದ ದೇಹಕ್ಕೆ ಒಮ್ಮೆಲೇ ಹಿಟ್ಟು, ಬೆಲ್ಲ ಸಿಕ್ಕರೆ ಇನ್ಸುಲಿನ್ ಏರಿ ರಕ್ತದಲ್ಲಿರುವ ರಂಜಕ, ಪೊಟ್ಯಾಶಿಯಂ, ಮೆಗ್ನೀಶಿಯಂ ಎಲ್ಲ ಜೀವಕೋಶದೊಳಕ್ಕೆ ಹೋಗಿಬಿಡುತ್ತೆ. ರಕ್ತದಲ್ಲಿ ಅವು ಖಾಲಿಯಾದ್ರೆ ಹೃದಯವೇ ನಿಲ್ಲಬಹುದು. ಅಮೆರಿಕದ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಇದಕ್ಕೊಂದು ಕ್ರಮ ಹಾಕಿಕೊಟ್ಟಿದ್ದಾರೆ: ಮೊದಲ ಮೂರು ದಿನ ನಾಲ್ಕು ಗಂಟೆಗೊಮ್ಮೆ ಒಣಗಿಸಿದ ಲೂಸರ್ನ್ ಸುಮಾರು ಅರ್ಧ ಕೆಜಿ, ಅಷ್ಟೇ. ಆಮೇಲೆ ನಿಧಾನಕ್ಕೆ ಏರಿಸೋದು. ಅದೂ ದೊಡ್ಡ ಕುದುರೆಯ ಲೆಕ್ಕ, ನಮ್ಮ ಕಡೆಯ ಸಣ್ಣ ಕುದುರೆಗೆ ಇನ್ನೂ ಕಡಿಮೆ. ಲೂಸರ್ನ್ ಅಂದ್ರೆ ಬೇರೆ ಏನೂ ಅಲ್ಲ, ನಮ್ಮವರು ಕುದುರೆ ಮಸಾಲೆ ಸೊಪ್ಪು ಅಂತಾರಲ್ಲ, ಅದೇ.

ಬೆಳಿಗ್ಗೆ ಮೊದಲು ನೋಡೋದು ಲದ್ದಿ

ತಾತ ಬೆಳಿಗ್ಗೆ ಐದೂವರೆಗೆ ಲಾಯಕ್ಕೆ ಹೋದ್ರೆ ಕುದುರೆ ಮುಖ ನೋಡಲ್ಲ, ಬ್ಯಾಟರಿ ಬಿಟ್ಟು ಲದ್ದಿ ನೋಡ್ತಾರೆ. ಚೆನ್ನಾಗಿರುವ ಕುದುರೆ ದಿನಕ್ಕೆ 8-12 ಸಲ ಲದ್ದಿ ಹಾಕುತ್ತೆ. ರಾತ್ರಿಯೆಲ್ಲ ಒಂದೇ ಗುಡ್ಡೆ ಬಿದ್ದಿದೆ ಅಂದ್ರೆ, ಅಥವಾ ಉಂಡೆ ಗಟ್ಟಿಯಾಗಿ ಲೋಳೆ ಮೆತ್ತಿದೆ ಅಂದ್ರೆ ಅವತ್ತು ಕಾಳು ಬಂದ್. ಆಮೇಲೆ ಪಕ್ಕೆಗೆ ಕಿವಿ ಇಡ್ತಾರೆ. ಒಳಗೆ ಗುಡುಗುಡು ಸದ್ದು ಇರಬೇಕು. "ಸದ್ದು ಇದ್ರೆ ಸಮಾಧಾನ ಮಗಾ, ಸುಮ್ಮನಿದ್ರೆ ಭಯ" ಅಂತ ನನಗೆ ಹೇಳಿಕೊಟ್ಟಿದ್ದು ಅವರೇ. ಮೂರನೇದು ನೀರಿನ ತೊಟ್ಟಿ, ರಾತ್ರಿ ಎಷ್ಟು ಇಳಿದಿದೆ ಅಂತ. ಸಾಧಾರಣ ಕುದುರೆ ದಿನಕ್ಕೆ 25-40 ಲೀಟರ್ ಕುಡಿಯುತ್ತೆ, ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ನೀರು ಕಡಿಮೆಯಾದ್ರೆ ಒಣಮೇವು ಕರುಳಲ್ಲಿ ಕಟ್ಟಿಕೊಳ್ಳುತ್ತೆ.

ಮೇವಿನ ಲೆಕ್ಕ ಸುಲಭ. ಒಣಮೇವು ದೇಹತೂಕದ ನೂರಕ್ಕೆ ಒಂದೂವರೆಯಿಂದ ಎರಡು ಪಾಲು. 300 ಕೆಜಿ ಕುದುರೆಗೆ ದಿನಕ್ಕೆ ಐದಾರು ಕೆಜಿ, ಅಂದ್ರೆ ವರ್ಷಕ್ಕೆ ಸುಮಾರು ಎರಡು ಟನ್ ಆಗುತ್ತೆ. ಮೊದಲು ಹುಲ್ಲು, ಆಮೇಲೆ ಕಾಳು. ನೆನೆಸಿ ಬೇಯಿಸಿದ ಹುರುಳಿ, ಸ್ವಲ್ಪ ಬೂಸಾ, ಕಲ್ಲುಪ್ಪು. ಕಾಳನ್ನು ಎರಡು-ಮೂರು ಹೊತ್ತಿಗೆ ಹಂಚಬೇಕು. ಎಲ್ಲವನ್ನೂ ತೊಟ್ಟಿಯಲ್ಲೇ ಹಾಕಬೇಕು, ನೆಲದ ಮೇಲೆ ಹಾಕಿದ್ರೆ ಮರಳು ಹೊಟ್ಟೆಗೆ ಹೋಗುತ್ತೆ. ತಾತ ವಾರಕ್ಕೊಮ್ಮೆ ಒಂದು ಉಂಡೆ ಲದ್ದಿಯನ್ನು ನೀರಿನ ಡಬ್ಬದಲ್ಲಿ ಕಲಸಿಟ್ಟು ತಳದಲ್ಲಿ ಮರಳು ಕೂರುತ್ತಾ ಅಂತ ನೋಡ್ತಾರೆ. ಯಾವ ಲ್ಯಾಬೂ ಬೇಡ.

ಬೂಸಾ ಅಂಗಡಿಯವರು ಇದನ್ನು ನೆನಪಿಡಿ: ಕೋಳಿ ಫೀಡ್ ಕುದುರೆಗೆ ಕೊಡಲೇಬಾರದು. ಕೋಳಿಗೆ ರಕ್ತಭೇದಿ ಬಾರದಿರಲಿ ಅಂತ ಸೇರಿಸುವ ಮೊನೆನ್ಸಿನ್, ಸಾಲಿನೊಮೈಸಿನ್ ಕುದುರೆಯ ಹೃದಯಕ್ಕೆ ನೇರ ವಿಷ. ಕೆಲವು ದನದ ಫೀಡ್‌ನಲ್ಲೂ ಮೊನೆನ್ಸಿನ್ ಇರುತ್ತೆ, ಚೀಲದ ಮೇಲಿನ ಲೇಬಲ್ ನೋಡಿ ಕೊಡಿ. ಬೂಷ್ಟು ಹಿಡಿದ ಹಿಂಡಿ, ಬೂಸಾವಂತೂ ಯಾವ ಪ್ರಾಣಿಗೂ ಬೇಡ.

ಬಿಸಿಲೇರುವ ಮೊದಲು ಗೊರಸಿನ ಕೆಲಸ. ದಿನಾ ನಾಲ್ಕೂ ಕಾಲೆತ್ತಿ ಒಳಗೆ ಸಿಕ್ಕಿದ ಕಲ್ಲು, ಮೊಳೆ ತೆಗೆಯಬೇಕು. ಮಳೆಗಾಲದಲ್ಲಿ ಒದ್ದೆ ನೆಲದಲ್ಲಿ ನಿಂತ ಗೊರಸು ಕೊಳೆತು ನಾರುತ್ತೆ. 6-8 ವಾರಕ್ಕೊಮ್ಮೆ ಗೊರಸು ಕತ್ತರಿಸಿ ಮಟ್ಟ ಮಾಡಬೇಕು. ಇದು ಗೊತ್ತಿರೋ ಲಾಳದವರು ಈಗ ಸಿಗೋದೇ ಕಷ್ಟ. ಎತ್ತಿಗೆ ಲಾಳ ಹೊಡೆಯುವವರಿಗೆಲ್ಲ ಕುದುರೆ ಗೊರಸು ಬರಲ್ಲ. ಮೆರವಣಿಗೆ ಕುದುರೆ ಇಲ್ಲಿಗೆ ಬಂದಾಗ ಅದರ ಗೊರಸು ಚಪ್ಪಲಿ ತುದಿಯಂತೆ ಮೇಲಕ್ಕೆ ಬಾಗಿತ್ತು, ಸರಿ ಮಾಡಲು ಸುಮಾರು ಒಂದು ವರ್ಷ ಹಿಡೀತು. ಕಾಲಿಗೆ ಗಾಯವಾದ್ರೆ ಧನುರ್ವಾಯು ಇಂಜೆಕ್ಷನ್ ತಪ್ಪಿಸಬಾರದು. ಆ ರೋಗ ಕುದುರೆಗೆ ಬೇರೆ ಪ್ರಾಣಿಗಳಿಗಿಂತ ಬೇಗ ತಗಲುತ್ತೆ.

ಹಲ್ಲಿನ ವಿಷಯ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಕುದುರೆ ಹಲ್ಲು ಆಯುಷ್ಯವಿಡೀ ಮೇಲೆ ಬರ್ತಾ ಸವೀತಾ ಇರುತ್ತೆ. ಓರೆಯಾಗಿ ಸವೆದ್ರೆ ಅಂಚು ಚೂಪಾಗಿ ಕೆನ್ನೆ, ನಾಲಿಗೆ ಕೊಯ್ಯುತ್ತೆ. ಅರ್ಧ ಜಗಿದ ಹುಲ್ಲಿನ ಉಂಡೆ ಬಾಯಿಂದ ಉದುರಿಸ್ತಾ ಇದ್ರೆ ವೈದ್ಯರನ್ನು ಕರೆಸಿ ಅರ ಹಾಕಿಸಬೇಕು. ಟಾಂಗಾ ಕುದುರೆ ಎಷ್ಟು ತಿಂದ್ರೂ ಮೈ ಹಿಡೀತಿರಲಿಲ್ಲ, ಕಾರಣ ಹೊಟ್ಟೆಯಲ್ಲ, ಹಲ್ಲು.

ಕತ್ತೆಗಳದ್ದು ಬೇರೆ ಕಥೆ. ಅವು ನೋವು ತೋರಿಸಲ್ಲ. ಸುಮ್ಮನೆ ತಲೆ ತಗ್ಗಿಸಿ ನಿಂತಿರ್ತವೆ, ಸ್ವಭಾವ ಅಂದ್ಕೋತೀವಿ. ಒಂದೆರಡು ದಿನ ಮೇವು ಬಿಟ್ಟರೆ ಮೈಯ ಕೊಬ್ಬೆಲ್ಲ ಕರಗಿ ರಕ್ತಕ್ಕೆ ಸೇರಿ ಪಿತ್ತಜನಕಾಂಗ ಕೆಡುತ್ತೆ. ಹಾಗಾಗಿ ಕತ್ತೆ ಒಂದು ಹೊತ್ತು ತಿನ್ನದಿದ್ರೂ ತಾತ ಫೋನ್ ಮಾಡ್ತಾರೆ. ಹಸುಗಳ ಕಾಟ ಪ್ಲಾಸ್ಟಿಕ್, ಅದು ನಿಮಗೆ ಗೊತ್ತಿರೋದೇ. ಅನ್ನ ಜಾಸ್ತಿಯಾದ್ರೆ ಹಸುವಿಗೂ ಹೊಟ್ಟೆ ಹುಳಿಯಾಗಿ ಸಾಯೋದುಂಟು.

ಹೊಸದು ಬಂದ್ರೆ ದೂರ ಕಟ್ಟಬೇಕು

ಬೀದಿಯಿಂದ ತಂದ ಕುದುರೆಯನ್ನು ನೇರ ಲಾಯಕ್ಕೆ ಬಿಡೋ ಹಾಗಿಲ್ಲ. ಗ್ಲಾಂಡರ್ಸ್ ಅಂತ ಒಂದು ರೋಗ ಇದೆ. ಮೂಗಿನಿಂದ ಗಟ್ಟಿ ಸಿಂಬಳ, ಮೈಮೇಲೆ ಗಂಟು, ಒಡೆದ ಹುಣ್ಣು. ಕುದುರೆ, ಕತ್ತೆಯಿಂದ ಮನುಷ್ಯರಿಗೂ ಹರಡುತ್ತೆ, ಜೀವ ತೆಗೆಯುವಂಥದ್ದು. 2009ರ ಕಾಯ್ದೆ ಪ್ರಕಾರ ಅನುಮಾನ ಬಂದರೂ ಪಶುಪಾಲನಾ ಇಲಾಖೆಗೆ ತಿಳಿಸಲೇಬೇಕು. ರಕ್ತದ ಮಾದರಿ ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರಕ್ಕೆ ಹೋಗುತ್ತೆ. ಫಲಿತಾಂಶ ಬರುವ ತನಕ ಬೇರೆ ಕಡೆ ಕಟ್ಟಿ, ಬೇರೆ ಬಕೆಟ್, ಕೈಗೆ ಗ್ಲೌಸ್. ಮೂಗು ಸೋರುವ ಬೀದಿ ಕುದುರೆಯ ಮುಖ ಸವರಿ ಸೆಲ್ಫಿ ತಗೊಳ್ಳೋರು ದಯವಿಟ್ಟು ನಿಲ್ಲಿಸಿ.

ಬಿಟ್ಟುಹೋಗುವವರು ಯಾಕೆ ಬಿಡ್ತಾರೆ? ಕೆಟ್ಟವರು ಅಂತ ಬೈದು ಮುಗಿಸೋದು ಸುಲಭ. ಕುದುರೆ 25-30 ವರ್ಷ ಬದುಕುತ್ತೆ. ಹದಿನೈದಕ್ಕೆ ಕಾಲು ಸೋತರೆ ಇನ್ನೂ ಹತ್ತು ವರ್ಷ ದುಡಿಮೆ ಇಲ್ಲದೆ ಐದಾರು ಕೆಜಿ ಮೇವು ಹಾಕಬೇಕು. ಟಾಂಗಾಕ್ಕೆ ಸವಾರಿಯೇ ಇಲ್ಲದ ಮನೆಯವರು ಅದನ್ನೆಲ್ಲಿಂದ ತರ್ತಾರೆ? ಹಾಗಂತ ಬಿಡೋದು ಸರಿ ಅಂತಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂನಲ್ಲಿ ಪ್ರಾಣಿಯನ್ನು ಹೊಟ್ಟೆಗಿಲ್ಲದೆ ನರಳುವ ಹಾಗೆ ಬಿಟ್ಟುಹೋಗೋದು ಅಪರಾಧ. ಮೊದಲ ಸಲಕ್ಕೆ ಕಾಯ್ದೆಯಲ್ಲಿ ಬರೆದ ದಂಡ ಎಷ್ಟು ಗೊತ್ತಾ? 10ರಿಂದ 50 ರೂಪಾಯಿ. ಒಂದು ಹೊತ್ತಿನ ಮೇವಿಗೆ ಸಾಲದು.

ನಿಮ್ಮ ಅಂಗಡಿ ಮುಂದೆ ಬಂದು ನಿಂತ್ರೆ

ಮೊದಲು ಒಂದು ಬಕೆಟ್ ಚೊಕ್ಕ ನೀರಿಡಿ. ಅದರಿಂದ ಅರ್ಧ ಉಪಕಾರ ಆಯ್ತು. ಎಲ್ಲಾದರೂ ಒಣಹುಲ್ಲು ಸಿಕ್ಕರೆ ಒಂದೆರಡು ಹಿಡಿ, ಅಷ್ಟೇ ಸಾಕು. ಅನ್ನ, ಬ್ರೆಡ್, ಬನ್, ಬೆಲ್ಲ, ಹಿಟ್ಟು, ಪಾರ್ಕಿನಲ್ಲಿ ಕತ್ತರಿಸಿ ಗುಡ್ಡೆ ಹಾಕಿದ ಹಸಿ ಹುಲ್ಲು ಯಾವುದೂ ಬೇಡ. ತರಕಾರಿ ಅಂಗಡಿಯವರು ಕ್ಯಾರೆಟ್ ಕೊಡಬೇಕು ಅನ್ನಿಸಿದ್ರೆ ಒಂದೆರಡು, ಅದೂ ಉದ್ದುದ್ದ ಸೀಳಿ ಕೊಡಿ, ದುಂಡಗೆ ಹೆಚ್ಚಿದ್ರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ಹಿಂದಿನಿಂದ ಹೋಗಿ ಮುಟ್ಟಬೇಡಿ. ಆಮೇಲೆ 1962ಕ್ಕೆ ಫೋನ್ ಮಾಡಿ, ಪಶು ಆಸ್ಪತ್ರೆಯ ಸಂಚಾರಿ ವಾಹನದ ನಂಬರ್ ಅದು, ಕಾಸು ಕೊಡಬೇಕಿಲ್ಲ. ಒಂದು ಫೋಟೋ ತೆಗೆದಿಡಿ, ಮಾಲೀಕ ಬಂದು ನಂದೇ ಅಂದಾಗ ಯಾವ ಸ್ಥಿತಿಯಲ್ಲಿತ್ತು ಅಂತ ತೋರಿಸೋಕೆ ಬೇಕಾಗುತ್ತೆ.

ಕುದುರೆ ಪದೇ ಪದೇ ಹೊಟ್ಟೆ ಕಡೆ ತಿರುಗಿ ನೋಡ್ತಿದ್ರೆ, ಮುಂಗಾಲಲ್ಲಿ ನೆಲ ಕೆರೆದ್ರೆ, ಬೆವರಿ ಬಿದ್ದು ಹೊರಳಾಡಿದ್ರೆ ಅದು ಶೂಲೆ. ಮುಂದಿರುವ ಮೇವೆಲ್ಲ ಎತ್ತಿಬಿಡಿ, ವೈದ್ಯರಿಗೆ ಹೇಳಿ. ದನಕ್ಕೆ ಹಾಕುವ ಹಾಗೆ ಗೊಟ್ಟದಲ್ಲಿ ಎಣ್ಣೆ, ಕಷಾಯ ಹುಯ್ಯೋರು ನಮ್ಮಲ್ಲಿ ಜಾಸ್ತಿ. ಕುದುರೆಗೆ ಅದು ಶ್ವಾಸಕೋಶಕ್ಕೆ ಇಳಿದು ಇನ್ನೊಂದು ರೋಗ ಶುರುವಾಗುತ್ತೆ. ವೈದ್ಯರು ಮೂಗಿನಿಂದ ಜಠರಕ್ಕೆ ಟ್ಯೂಬ್ ಇಳಿಸಿ ಕೊಡ್ತಾರೆ, ಅದು ಅವರ ಕೆಲಸ.

ತೋಟದಲ್ಲಿ ಸಂಜೆ ಏಳಕ್ಕೆ ಕೊನೆ ಸುತ್ತು. ದಿನದ ಮೇವಲ್ಲಿ ದೊಡ್ಡ ಪಾಲು ರಾತ್ರಿಗೇ ಇಡೋದು, ಬೆಳಗಿನ ತನಕ ಮೆಲ್ಲಗೆ ತಿನ್ನಲಿ ಅಂತ. ಟಾಂಗಾ ಕುದುರೆ ಬಂದ ಹೊಸದರಲ್ಲಿ ಎರಡು ವಾರ ಮಲಗಿರಲೇ ಇಲ್ಲ. ಕುದುರೆ ನಿಂತೇ ತೂಕಡಿಸುತ್ತೆ ನಿಜ, ಆದ್ರೆ ಗಾಢ ನಿದ್ದೆಗೆ ಮಲಗಲೇಬೇಕು. ಈಗ ಮಲಗುತ್ತೆ. ಬೆಳಿಗ್ಗೆ ಮೈಗೆ ಅಂಟಿದ ಹುಲ್ಲು ನೋಡಿಯೇ ತಾತನಿಗೆ ಗೊತ್ತಾಗುತ್ತೆ. ಮುಂದಿನ ವಾರ ಲಾಳದವರು ಬರಬೇಕು, ಅಡ್ವಾನ್ಸ್ ಕಳಿಸಿಯಾಗಿದೆ.