ಉಪ್ಪನ ಅಂಬಾಸಿಡರ್ ಗುಜರಿಗೆ ಹೋಗುವ ಮುನ್ನ

ಕರಾವಳಿಯ ಎಷ್ಟೋ ಮನೆಗಳ ಅಂಗಳದಲ್ಲಿ ಇವತ್ತಿಗೂ ಒಂದು ಅಂಬಾಸಿಡರೋ, ಪ್ರೀಮಿಯರ್ ಪದ್ಮಿನಿಯೋ ಟಾರ್ಪಾಲು ಹೊದ್ದು ನಿಂತಿರುತ್ತದೆ. ಮದುಮಗಳನ್ನು ಕರೆತಂದ ಕಾರು, ಗಲ್ಫಿನಿಂದ ಬಂದವರ ಪೆಟ್ಟಿಗೆಗಳನ್ನು ತಲೆ ಮೇಲೆ ಹೊತ್ತು ತಂದ ಕಾರು. ಮಾರಲು ಉಮ್ಮನಿಗೆ ಮನಸ್ಸಿಲ್ಲ, ಓಡಿಸಲು ಮಕ್ಕಳಿಗೆ ಧೈರ್ಯವಿಲ್ಲ. ಕೇಳಿದರೆ ಒಂದೇ ಉತ್ತರ: "ಸ್ಟಾರ್ಟೇ ಆಗೂದಿಲ್ಲ ಮಾರಾಯ್ರೆ, ಆದ್ರೂ ದಾರಿಯಲ್ಲಿ ನಿಲ್ತದೆ." ಕೊನೆಗೆ ಗುಜರಿಯವರ ಲಾರಿ ಬರುತ್ತದೆ.

ಇಂಥ ಕಾರುಗಳಲ್ಲಿ ಅನೇಕದರ ಎಂಜಿನ್ ಇನ್ನೂ ಗಟ್ಟಿಯಾಗಿರುತ್ತದೆ. ಕೈಕೊಡುವುದು ಬಹಳ ಸಲ ಡಿಸ್ಟ್ರಿಬ್ಯೂಟರ್ ಒಳಗಿನ ಒಂದು ಸಣ್ಣ ಭಾಗ. ಗ್ಯಾರೇಜಿನಲ್ಲಿ ಅದಕ್ಕೆ ಸಿ.ಬಿ. ಪಾಯಿಂಟ್ ಎನ್ನುತ್ತಾರೆ.

ಪೆಟ್ರೋಲ್ ಎಂಜಿನ್‌ಗೆ ಸರಿಯಾದ ಕ್ಷಣದಲ್ಲಿ ಕಿಡಿ ಬೇಕು. ಪಾಯಿಂಟ್ ಎಂದರೆ ಕಾಯಿಲ್‌ಗೆ ಹೋಗುವ 12 ವೋಲ್ಟ್ ಕರೆಂಟನ್ನು ಕೂಡಿಸಿ ಬಿಡಿಸುವ ಸ್ವಿಚ್ಚು. ಅದು ತೆರೆದುಕೊಂಡ ಕ್ಷಣವೇ ಕಾಯಿಲ್‌ನಲ್ಲಿ ಸಾವಿರಾರು ವೋಲ್ಟ್ ಹುಟ್ಟಿ ಪ್ಲಗ್‌ನಲ್ಲಿ ಕಿಡಿ ಹಾರುತ್ತದೆ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಈ ವ್ಯವಸ್ಥೆ ಕ್ಯಾಡಿಲಾಕ್ ಕಾರಿಗೆ ಬಂದದ್ದು 1910ರ ಸುಮಾರಿಗೆ. ಮಾರಿಸ್ ಆಕ್ಸ್‌ಫರ್ಡ್ ಮಾದರಿಯಿಂದ ಹುಟ್ಟಿದ ಅಂಬಾಸಿಡರ್‌ನ 1489 ಸಿ.ಸಿ. ಪೆಟ್ರೋಲ್ ಎಂಜಿನ್‌ನಲ್ಲೂ, ಫಿಯೆಟ್ 1100ರಿಂದ ಬಂದ ಪದ್ಮಿನಿಯ 1089 ಸಿ.ಸಿ. ಎಂಜಿನ್‌ನಲ್ಲೂ ಇದೇ ಏರ್ಪಾಡು.

ಲೆಕ್ಕ ಹಾಕಿ ನೋಡಿ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಪಾಯಿಂಟ್ ಸೆಕೆಂಡಿಗೆ 100 ಸಲ ತೆರೆದು ಮುಚ್ಚಬೇಕು. ಒಂದು ಗಂಟೆಯ ಪ್ರಯಾಣಕ್ಕೆ 3,60,000 ಸಲ! ಪ್ರತಿ ಸಲವೂ ಅದರ ಫೈಬರ್ ಹಿಮ್ಮಡಿ ತಿರುಗುವ ಕ್ಯಾಮ್‌ಗೆ ಉಜ್ಜುತ್ತದೆ. ಲ್ಯೂಕಾಸ್ ಡಿಸ್ಟ್ರಿಬ್ಯೂಟರ್ ಇರುವ ಹಳೆ ಅಂಬಾಸಿಡರ್‌ನಲ್ಲಿ ಪಾಯಿಂಟಿನ ಗ್ಯಾಪ್ ಸುಮಾರು 0.35ರಿಂದ 0.40 ಮಿಲಿಮೀಟರ್ ಇರಬೇಕು. ಹಿಮ್ಮಡಿ ಸವೆದಂತೆ ಗ್ಯಾಪ್ ಕಿರಿದಾಗುತ್ತದೆ, ಕಿಡಿ ತಡವಾಗುತ್ತದೆ, ಏರಿನಲ್ಲಿ ಎಳೆತ ತಗ್ಗುತ್ತದೆ. ಕಂಡೆನ್ಸರ್ ಹಾಳಾದರೆ ಪಾಯಿಂಟ್ ಸುಟ್ಟು ಕಪ್ಪಾಗುತ್ತದೆ.

ನಮ್ಮೂರಿನ ಹವೆಯದ್ದು ಮತ್ತೊಂದು ಕಾಟ. ತಿಂಗಳುಗಟ್ಟಲೆ ನಿಂತ ಕಾರಿನ ಪಾಯಿಂಟ್ ಮೇಲೆ ತೇವಕ್ಕೆ ತೆಳುವಾದ ಪೊರೆ ಕಟ್ಟುತ್ತದೆ, ಕರೆಂಟ್ ದಾಟುವುದಿಲ್ಲ. ಮಗ ರಜೆಗೆ ಬಂದು ಕೀ ತಿರುಗಿಸಿದಾಗ ಕಾರು ಮುಗುಮ್ಮಾಗಿ ಕೂರುವುದಕ್ಕೆ ಇದೂ ಒಂದು ಕಾರಣ. ಮೊದಲೆಲ್ಲ ಉಪ್ಪುಕಾಗದದಲ್ಲಿ ಉಜ್ಜಿ, ಫೀಲರ್ ಗೇಜ್ ಇಟ್ಟು ಹತ್ತು ನಿಮಿಷದಲ್ಲಿ ಸರಿ ಮಾಡಿಕೊಡುವ ಕಾಕಂದಿರು ಊರೂರಿನಲ್ಲೂ ಇದ್ದರು. ಈಗಿನ ಗ್ಯಾರೇಜಿನ ಹುಡುಗರು ಸ್ಕ್ಯಾನರ್ ಹಿಡಿದು ಕಲಿತವರು. ಪಾಯಿಂಟ್ ಕಂಡವರೇ ಅವರಲ್ಲಿ ಕಡಿಮೆ.

ಈ ತಾಪತ್ರಯಕ್ಕೆ ಇರುವ ದಾರಿ ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್. ಡಿಸ್ಟ್ರಿಬ್ಯೂಟರ್ ಬದಲಿಸಬೇಕಾಗಿಲ್ಲ. ಪಾಯಿಂಟ್ ಮತ್ತು ಕಂಡೆನ್ಸರ್ ತೆಗೆದು ಆ ಜಾಗದಲ್ಲಿ ಒಂದು ಪುಟ್ಟ ಸೆನ್ಸರ್ ಕೂರಿಸುತ್ತಾರೆ. ರೋಟರ್ ಕೆಳಗೆ ಅಯಸ್ಕಾಂತಗಳಿರುವ ಒಂದು ಬಳೆ ಹಾಕುತ್ತಾರೆ. ಅಯಸ್ಕಾಂತ ಎದುರಿಗೆ ಬಂದಾಗಲೆಲ್ಲ ಸೆನ್ಸರ್ ಅದನ್ನು ಗುರುತಿಸುತ್ತದೆ, ಟ್ರಾನ್ಸಿಸ್ಟರ್ ಕರೆಂಟ್ ಕಡಿಯುತ್ತದೆ. 1879ರಲ್ಲಿ ಎಡ್ವಿನ್ ಹಾಲ್ ಕಂಡುಹಿಡಿದ ತತ್ವ ಇದು. ಒಂದಕ್ಕೊಂದು ಉಜ್ಜುವ ಭಾಗವೇ ಇಲ್ಲ, ಹಾಗಾಗಿ ಸವೆತವೂ ಇಲ್ಲ. ಅಮೆರಿಕದ ದೊಡ್ಡ ಕಂಪೆನಿಗಳು 1970ರ ದಶಕದಲ್ಲೇ ಪಾಯಿಂಟ್ ಬಿಟ್ಟು ಎಲೆಕ್ಟ್ರಾನಿಕ್ ಇಗ್ನಿಷನ್‌ಗೆ ಹೊರಳಿದ್ದವು.

ಹಾಗಂತ ಮೈಲೇಜ್ ದುಪ್ಪಟ್ಟಾಗುತ್ತದೆ, ಕಾರು ಹಾರುತ್ತದೆ ಎಂಬ ಮಾತನ್ನು ನಂಬಬೇಡಿ. ಹೊಸ ಪಾಯಿಂಟ್ ಹಾಕಿ ಸರಿಯಾಗಿ ಸೆಟ್ ಮಾಡಿದ ದಿನ ಕಾರು ಹೇಗೆ ಓಡುತ್ತಿತ್ತೋ, ಹೆಚ್ಚುಕಡಿಮೆ ಹಾಗೆಯೇ ದಿನಾ ಓಡುತ್ತದೆ. ಲಾಭ ಅಷ್ಟೇ, ಆದರೆ ಅದೇನು ಸಣ್ಣದಲ್ಲ.

ಕಿಟ್ ಕೊಳ್ಳುವ ಮುಂಚೆ ಕೆಲವು ಸಂಗತಿ ನೋಡಿಕೊಳ್ಳಿ. ಮೊದಲನೆಯದಾಗಿ, ನಿಮ್ಮದು ಡೀಸೆಲ್ ಅಂಬಾಸಿಡರ್ ಆಗಿದ್ದರೆ ಇದಾವುದೂ ಬೇಡ. ಡೀಸೆಲ್ ಎಂಜಿನ್‌ನಲ್ಲಿ ಇಂಧನ ಹೊತ್ತಿಕೊಳ್ಳುವುದು ಒತ್ತಡದ ಬಿಸಿಗೆ, ಅದಕ್ಕೆ ಸ್ಪಾರ್ಕ್ ಪ್ಲಗ್ಗೇ ಇಲ್ಲ. ಪೆಟ್ರೋಲ್ ಆದರೆ ಡಿಸ್ಟ್ರಿಬ್ಯೂಟರ್ ಮೈಮೇಲೆ ಕೆತ್ತಿದ ನಂಬರ್ ಓದಿ, ಅದಕ್ಕೆ ಹೊಂದುವ ಕಿಟ್ಟನ್ನೇ ತನ್ನಿ. ಕಾರಿನ ಹೆಸರು ಹೇಳಿದರೆ ಸಾಲದು.

ಎರಡನೆಯದು ಅರ್ಥಿಂಗ್. ಬ್ರಿಟಿಷ್ ಮೂಲದ ತೀರಾ ಹಳೆಯ ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ ತುದಿ ಬಾಡಿಗೆ ಸೇರಿರುವುದುಂಟು. ಅದನ್ನು ನೋಡದೆ ವಯರ್ ಉಲ್ಟಾ ಕೊಟ್ಟರೆ ಸೆನ್ಸರ್ ಕ್ಷಣದಲ್ಲಿ ಹೋಗುತ್ತದೆ. ಮೂರನೆಯದು ಕಾಯಿಲ್. ಅದರ ರೆಸಿಸ್ಟೆನ್ಸ್ ಎಷ್ಟು ಓಮ್ ಇರಬೇಕೆಂದು ಕಿಟ್‌ನ ಚೀಟಿಯಲ್ಲಿ ಬರೆದಿರುತ್ತದೆ. ಅಳೆದು ನೋಡಿ, ಕಡಿಮೆ ಇದ್ದರೆ ಕಾಯಿಲನ್ನೂ ಬದಲಿಸಿ. ಪ್ಲಗ್ ವಯರ್‌ಗಳು ಬರೀ ತಾಮ್ರದ ಎಳೆಯವಾಗಿದ್ದರೆ ಸೆನ್ಸರ್‌ಗೆ ಅಡಚಣೆಯಾಗಬಹುದು, ರೆಸಿಸ್ಟೆನ್ಸ್ ಇರುವ ವಯರ್ ಹಾಕಿಸುವುದು ಒಳ್ಳೆಯದು.

ನಾಲ್ಕನೆಯದು ಡಿಸ್ಟ್ರಿಬ್ಯೂಟರ್‌ನ ಆರೋಗ್ಯ. ಕ್ಯಾಪ್ ತೆಗೆದು ನಡುವಿನ ಶಾಫ್ಟ್ ಹಿಡಿದು ಅಲ್ಲಾಡಿಸಿ. ಅಕ್ಕಪಕ್ಕಕ್ಕೆ ಲಡಲಡ ಎಂದರೆ ಬುಶ್ ಸವೆದಿದೆ, ಮೊದಲು ಅದನ್ನು ಸರಿಮಾಡಿಸಿ. ಒಳಗಿನ ತೂಕದ ಬಟ್ಟುಗಳು, ಸ್ಪ್ರಿಂಗು, ವ್ಯಾಕ್ಯೂಮ್ ಪೈಪು ಎಲ್ಲ ಹಳೆಯವೇ ಉಳಿಯುತ್ತವೆ. ಕ್ಯಾಪ್ ಬಿರುಕು ಬಿಟ್ಟಿದ್ದರೆ ಮಳೆಗಾಲದಲ್ಲಿ ಒಳಗೆ ತೇವ ಸೇರಿ ಕಾರು ನಿಲ್ಲುವುದು ತಪ್ಪುವುದಿಲ್ಲ. ಕಿಟ್ ಹಾಕಿಸಿಯೂ "ಏನೂ ಪ್ರಯೋಜನ ಆಗಿಲ್ಲ" ಎನ್ನುವವರ ಕಾರಿನಲ್ಲಿ ಬಹಳ ಸಲ ದೋಷ ಇರುವುದು ಇಂಥಲ್ಲೇ.

ಕೆಲಸ ಶುರುಮಾಡುವಾಗ ಬ್ಯಾಟರಿ ಕಳಚಬೇಕು, ಮುಗಿದ ಮೇಲೆ ಟೈಮಿಂಗ್ ಲೈಟ್ ಹಿಡಿದು ಹೊಸದಾಗಿ ಟೈಮಿಂಗ್ ಇಡಬೇಕು. ಇನ್ನೊಂದು ಮಾತು ಮನೆಯವರಿಗೆಲ್ಲ ಹೇಳಿಡಿ: ಎಂಜಿನ್ ಬಂದ್ ಇರುವಾಗ ಪಾಟು ಕೇಳಲೆಂದು ಇಗ್ನಿಷನ್ ಕೀ ಆನ್ ಮಾಡಿ ಬಿಡಬಾರದು. ಕಾಯಿಲ್, ಸೆನ್ಸರ್ ಎರಡೂ ಬಿಸಿಯಾಗಿ ಸುಟ್ಟುಹೋಗಬಹುದು.

50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಕಾರನ್ನು ವಿಂಟೇಜ್ ಎಂದು ನೋಂದಾಯಿಸಲು 2021ರ ನಿಯಮದಲ್ಲಿ ಅವಕಾಶವಿದೆ. ಆ ಯೋಚನೆ ಇರುವವರು ತೆಗೆದ ಭಾಗಗಳನ್ನು ಎಸೆಯಬೇಡಿ. ಬೇಕೆಂದಾಗ ಕಿಟ್ ಬಿಚ್ಚಿ ಹಳೆಯದನ್ನೇ ಕೂರಿಸಬಹುದು.

ಅಂಥ ಯೋಚನೆ ಇಲ್ಲದವರೂ ಹಳೆಯ ಪಾಯಿಂಟ್, ಕಂಡೆನ್ಸರ್, ಒಂದು ಸ್ಕ್ರೂಡ್ರೈವರ್ ಪೊಟ್ಟಣ ಕಟ್ಟಿ ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಳ್ಳಿ. ಪಾಯಿಂಟ್ ಹಾಳಾಗುವ ಮುಂಚೆ ಕೆಮ್ಮಿ, ಕುಂಟಿ ಸೂಚನೆ ಕೊಡುತ್ತದೆ. ಸೆನ್ಸರ್ ಹಾಳಾಗುವುದು ಅಪರೂಪ, ಆದರೆ ಹಾಳಾದರೆ ಒಮ್ಮೆಗೇ, ಉಜ್ಜಿ ಸರಿಮಾಡಲು ಅಲ್ಲಿ ಏನೂ ಇಲ್ಲ. ಶಿರಾಡಿ ಘಾಟಿಯ ನಡುವೆ ಹಾಗಾದರೆ ಮನೆ ಮುಟ್ಟಿಸುವುದು ಆ ಹಳೆಯ ಪೊಟ್ಟಣವೇ.

ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು, ಪದ್ಮಿನಿಯದ್ದು ಅದಕ್ಕೂ ಎಷ್ಟೋ ಮೊದಲು. ಗುಜರಿಗೆ ಹೋದದ್ದು ಮತ್ತೆ ಸಿಗುವುದಿಲ್ಲ. ಕಾರು ಕೊಟ್ಟುಬಿಡುವ ಮುನ್ನ ಪಾಯಿಂಟ್ ಗೊತ್ತಿರುವ ಒಬ್ಬ ಕಾಕನನ್ನು ಹುಡುಕಿ ಕರೆತಂದು ಡಿಸ್ಟ್ರಿಬ್ಯೂಟರ್ ಕ್ಯಾಪ್ ಒಮ್ಮೆ ತೆರೆಸಿ ನೋಡಿ.