ಬೇಲಿ ಹೊಲ ಮೇಯುವುದು ಯಾಕೆ?

ರಾತ್ರಿ ಒಂಬತ್ತಾದರೆ ಸಾಕು, ದಾವಣಗೆರೆಯ ಮಂಡಿಪೇಟೆಯಲ್ಲಿ ಷಟರ್ ಎಳೆಯುವ ಸದ್ದು ಶುರು. ಒಂದು ಬೀಗ, ಎರಡು ಬೀಗ. ಜಗ್ಗಿ ನೋಡಿದ್ದಾಯಿತು, ಕೈ ಮುಗಿದಿದ್ದಾಯಿತು. ಸಾಹುಕಾರರು ನಿಶ್ಚಿಂತೆಯಿಂದ ಮನೆ ಕಡೆ ಹೊರಟರು.

ಬೀಗ ಇರುವುದು ಹೊರಗಿನವನಿಗೆ. ಕೀ ಕೈಯಲ್ಲಿ ಇರುವವನಿಗೆ ಯಾವ ಬೀಗ?

ಹೊರಗಿನವರ ಕಥೆ ಈ ಜಿಲ್ಲೆಗೆ ಗೊತ್ತಿರುವುದೇ. 2024ರ ಅಕ್ಟೋಬರ್‌ನಲ್ಲಿ ನ್ಯಾಮತಿಯ ಸ್ಟೇಟ್ ಬ್ಯಾಂಕಿಗೆ ಕನ್ನ ಬಿತ್ತು. 17 ಕೆ.ಜಿ.ಗೂ ಮೀರಿದ ಅಡವಿನ ಚಿನ್ನ ಮಾಯ! ತಿಂಗಳುಗಟ್ಟಲೆ ಹುಡುಕಿದ ಮೇಲೆ ಅದು ಸಿಕ್ಕಿದ್ದು ತಮಿಳುನಾಡಿನ ಒಂದು ಬಾವಿಯಲ್ಲಿ. ಕಿಟಕಿಯ ಸರಳು, ಗ್ಯಾಸ್ ಕಟರ್, ರಾತ್ರಿಯ ಕತ್ತಲು, ಎಲ್ಲವೂ ಬೇಕಾಯಿತು ಅದಕ್ಕೆ.

ಮರುವರ್ಷ ಮೇ ತಿಂಗಳಲ್ಲಿ ವಿಜಯಪುರ ಜಿಲ್ಲೆಯ ಮನಗೂಳಿಯ ಕೆನರಾ ಬ್ಯಾಂಕಿನಲ್ಲಿ ಸುಮಾರು 59 ಕೆ.ಜಿ. ಚಿನ್ನ ಹೋಯಿತು. ಪೊಲೀಸರು ಜೂನ್‌ನಲ್ಲಿ ಹಿಡಿದವರಲ್ಲಿ ಒಬ್ಬರು ಯಾರು? ಕೆಲವೇ ದಿನಗಳ ಹಿಂದಿನವರೆಗೆ ಅದೇ ಶಾಖೆಯ ಮ್ಯಾನೇಜರ್ ಆಗಿದ್ದವರು! ಕೀಲಿಯ ನಕಲು ಮೊದಲೇ ತಯಾರಾಗಿತ್ತು, ವರ್ಗವಾಗಿ ಹೋದ ಮೇಲೆ ಕಳುವಾದರೆ ತನ್ನ ಮೇಲೆ ಅನುಮಾನ ಬಾರದು ಎಂಬ ಲೆಕ್ಕವಿತ್ತು ಎಂದು ಪೊಲೀಸರು ಆರೋಪಿಸಿದರು.

ಸುದ್ದಿ ಕೇಳಿದ ಜನ ಹೇಳಿದ್ದು ಒಂದೇ ಮಾತು: “ದುರಾಸೆ ಕಣ್ರೀ, ದುರಾಸೆ!” ಅಷ್ಟಕ್ಕೇ ಮುಗಿಯಿತೇ? ದುರಾಸೆ ಯಾರಿಗಿಲ್ಲ? ನೂರು ಜನಕ್ಕೆ ಆಸೆ ಇದ್ದರೂ ಗಲ್ಲಕ್ಕೆ ಕೈ ಹಾಕುವವನು ಒಬ್ಬ. ಆ ಒಬ್ಬ ಯಾಕೆ ಹಾಗಾದ ಎಂಬುದೇ ಅಸಲು ಪ್ರಶ್ನೆ.

ಜೈಲಿನಲ್ಲಿ ಸಿಕ್ಕ ಉತ್ತರ

ಅಮೆರಿಕದ ಡೊನಾಲ್ಡ್ ಕ್ರೆಸಿ ಎಂಬ ಪಂಡಿತರು ಈ ಪ್ರಶ್ನೆ ಹಿಡಿದು ಜೈಲಿಗೇ ಹೋದರು. ನಂಬಿಕೆಯ ಜಾಗದಲ್ಲಿದ್ದು ಹಣ ನುಂಗಿ ಶಿಕ್ಷೆಗೊಳಗಾದ ಗುಮಾಸ್ತರು, ಕ್ಯಾಷಿಯರ್‌ಗಳನ್ನು ಕೂರಿಸಿಕೊಂಡು ಮಾತನಾಡಿಸಿದರು. ಅವರ ಪುಸ್ತಕ ಬಂದದ್ದು 1953ರಲ್ಲಿ. ಅದರ ಸಾರ ಮೂರೇ ಮಾತು.

ಮೊದಲನೆಯದು, ಯಾರಿಗೂ ಹೇಳಿಕೊಳ್ಳಲಾಗದ ಕಷ್ಟ. ಗಮನಿಸಿ: ಬರೀ ಕಷ್ಟ ಅಲ್ಲ, ಹೇಳಿಕೊಳ್ಳಲಾಗದ ಕಷ್ಟ. ಹೆಂಡತಿಯ ಆಪರೇಷನ್ ಇದ್ದರೆ ಗುಮಾಸ್ತ ಬಾಯಿಬಿಟ್ಟು ಸಾಲ ಕೇಳುತ್ತಾನೆ. ಆದರೆ ಕ್ರಿಕೆಟ್ ಬೆಟ್ಟಿಂಗಿನಲ್ಲಿ ಸೋತದ್ದನ್ನು ಯಾವ ಬಾಯಲ್ಲಿ ಹೇಳಿಯಾನು? ಮೀಟರ್ ಬಡ್ಡಿಯವನು ಮನೆ ಬಾಗಿಲಿಗೆ ಬರುತ್ತೇನೆಂದು ಹೆದರಿಸಿದ್ದನ್ನು ಯಾರಿಗೆ ಹೇಳಿಯಾನು? ಕಳ್ಳತನಕ್ಕೆ ದೂಡುವುದು ಬಡತನ ಅಲ್ಲ, ಮರ್ಯಾದೆ ಹೋದೀತೆಂಬ ಭಯ.

ಎರಡನೆಯದು, ಅವಕಾಶ. ರೊಕ್ಕ ಎಣಿಸುವವನೂ ಅವನೇ, ಲೆಕ್ಕ ಬರೆಯುವವನೂ ಅವನೇ, ಬ್ಯಾಂಕಿಗೆ ಕಟ್ಟುವವನೂ ಅವನೇ. “ನಮ್ ಹುಡ್ಗ ಬಿಡ್ರಿ, ಹತ್ತು ವರ್ಷದಿಂದ ಇದಾನೆ” ಎಂದು ಯಜಮಾನರು ವಹಿ ತಿರುವಿಯೂ ನೋಡುವುದಿಲ್ಲ.

ಮೂರನೆಯದು, ಮನಸ್ಸಿಗೆ ಹೇಳಿಕೊಳ್ಳುವ ಸಬೂಬು. ಇದೇ ಎಲ್ಲಕ್ಕಿಂತ ವಿಚಿತ್ರ. ಕದಿಯುವವನು ತನ್ನನ್ನು ಕಳ್ಳ ಅಂದುಕೊಳ್ಳುವುದೇ ಇಲ್ಲ! “ಕದ್ದಿಲ್ಲ, ಕೈಗಡ ತಗಂಡೀನಿ, ಒಂದನೇ ತಾರೀಖು ಇಟ್ಬಿಡ್ತೀನಿ” ಅನ್ನುತ್ತಾನೆ. ಒಂದನೇ ತಾರೀಖು ಬರುತ್ತದೆ, ಹೋಗುತ್ತದೆ. ಐನೂರು ಐದು ಸಾವಿರ ಆಗುತ್ತದೆ.

ಮಾತಿನ ಬೆಲೆ

ಇನ್ನೊಂದು ಸಬೂಬು ಉಂಟು. “ಇಷ್ಟು ವರ್ಷ ದುಡಿದೆ, ನನಗೇನು ಕೊಟ್ಟರು?” ಇದು ಸಿಟ್ಟಿನ ಮಾತು, ಹುಷಾರಾಗಿ ಕೇಳಬೇಕಾದ ಮಾತು.

ಜೆರಾಲ್ಡ್ ಗ್ರೀನ್‌ಬರ್ಗ್ ಎಂಬ ಅಮೆರಿಕದ ಇನ್ನೊಬ್ಬ ಪ್ರೊಫೆಸರರು 1990ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಸಾಕ್ಷಿ. ಒಂದೇ ಕಂಪನಿಯ ಎರಡು ಕಾರ್ಖಾನೆಗಳಲ್ಲಿ ಹತ್ತು ವಾರ ಶೇ. 15ರಷ್ಟು ಸಂಬಳ ಕಡಿತ. ಒಂದು ಕಡೆ ದೊಡ್ಡ ಸಾಹೇಬರು ಒಂದೂವರೆ ತಾಸು ನಿಂತು, ಯಾಕೆ ಕಡಿತ ಎಂದು ಬಿಡಿಸಿ ಹೇಳಿ, ಬೇಸರ ವ್ಯಕ್ತಪಡಿಸಿ, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ಇನ್ನೊಂದು ಕಡೆ ಕಾಲು ಗಂಟೆಯಲ್ಲಿ ಹೇಳಿ ಮುಗಿಸಿದರು. ಎರಡೂ ಕಡೆ ಕಳವು ಹೆಚ್ಚಿತು, ನಿಜ. ಆದರೆ ಕಾಲು ಗಂಟೆಯಲ್ಲಿ ಮುಗಿಸಿದ ಕಡೆ ಬಹಳ ಹೆಚ್ಚು! ಸಂಬಳ ಮೊದಲಿನಂತಾದಾಗ ಕಳವೂ ಇಳಿಯಿತು.

ಫ್ಯಾಕ್ಟರಿ ಸೈರನ್ ಕೇಳಿ ಬೆಳೆದ ಹರಿಹರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೂಲಿ ಎಷ್ಟು ಎಂಬುದರಷ್ಟೇ ದೊಡ್ಡದು, ಅದನ್ನು ಹೇಗೆ ಕೊಟ್ಟರು ಎಂಬುದು. ಗಿರಾಕಿಗಳ ಎದುರು “ಏಯ್ ದಂಡಪಿಂಡ” ಎಂದು ಬೈಸಿಕೊಂಡ ಹುಡುಗ ಸಂಜೆ ಗಲ್ಲದ ಮುಂದೆ ಒಬ್ಬನೇ ಕೂತಾಗ ಅವನ ತಲೆಯಲ್ಲಿ ಏನು ಓಡುತ್ತಿರುತ್ತದೆ?

ಹಾಗಂತ ಕಳ್ಳತನಕ್ಕೆ ಮಾಫಿ ಇದೆಯೇ? ಇಲ್ಲ. ಬೈಗುಳ ತಿಂದವರೆಲ್ಲ ಕಳ್ಳರಾಗುವುದಿಲ್ಲ. ಕಾರಣ ತಿಳಿಯುವುದು ಬೇರೆ, ಕ್ಷಮಿಸುವುದು ಬೇರೆ.

ರಜೆ ಹಾಕದ ಗುಮಾಸ್ತ

“ನಮ್ಮ ಗುಮಾಸ್ತ ವರ್ಷಕ್ಕೆ ಒಂದು ದಿನವೂ ರಜೆ ಹಾಕೋದಿಲ್ಲ” ಎಂದು ಹೊಗಳುವ ಸಾಹುಕಾರರಿದ್ದಾರೆ. ರಿಸರ್ವ್ ಬ್ಯಾಂಕಿನ ಲೆಕ್ಕಾಚಾರವೇ ಬೇರೆ. ಸೂಕ್ಷ್ಮ ಹುದ್ದೆಯಲ್ಲಿ ಇರುವವರನ್ನು ವರ್ಷಕ್ಕೊಮ್ಮೆ, ಮೊದಲೇ ತಿಳಿಸದೆ, ಒಟ್ಟಿಗೆ ಕನಿಷ್ಠ 10 ಕೆಲಸದ ದಿನ ರಜೆ ಮೇಲೆ ಕಳಿಸಬೇಕೆಂದು 2021ರಲ್ಲಿ ಬ್ಯಾಂಕುಗಳಿಗೆ ಸುತ್ತೋಲೆ ಹೊರಡಿಸಿತು. ಯಾಕೆ? ಮುಚ್ಚಿಟ್ಟ ತೂತು ಕಾಣುವುದು ಮುಚ್ಚಿದವನು ಎದ್ದು ಹೋದಾಗಲೇ!

ವಂಚನೆ ಪತ್ತೆ ಹಚ್ಚುವ ತಜ್ಞರ ಅಂತರರಾಷ್ಟ್ರೀಯ ಸಂಘದ 2024ರ ವರದಿ ಇನ್ನೊಂದು ಗುಟ್ಟು ಹೇಳುತ್ತದೆ. ಒಳಗಿನವರ ಮೋಸಗಳಲ್ಲಿ ಶೇ. 43 ಬಯಲಾದದ್ದು ಯಾರೋ ಕೊಟ್ಟ ಸುಳಿವಿನಿಂದ. ಆ ಸುಳಿವು ಕೊಟ್ಟವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅಲ್ಲಿಯೇ ದುಡಿಯುವವರು. ಅಂದರೆ ಮನೆ ಮುರಿಯುವವನೂ ಒಳಗಿನವನು, ಉಳಿಸುವವನೂ ಒಳಗಿನವನೇ. ಆದರೆ ಸುಳಿವು ಕೊಟ್ಟವನನ್ನೇ “ಚಾಡಿಕೋರ” ಎಂದರೆ ನಾಳೆ ಯಾರು ಬಾಯಿ ಬಿಡುತ್ತಾರೆ?

ಬಸ್ಸಿನ ಪ್ರಯಾಣಿಕರೂ ಈ ಲೆಕ್ಕದಿಂದ ಹೊರಗಿಲ್ಲ. “ಟಿಕೆಟ್ ಬ್ಯಾಡ ಬಿಡ್ರಿ, ಹತ್ತು ರೂಪಾಯಿ ಕಡಿಮೆ ಕೊಡ್ರಿ” ಎಂದಾಗ ಕಿಸಕ್ಕನೆ ನಕ್ಕು ಸುಮ್ಮನಾಗುವವರು, ಒಳಗಿನವನ ಜೊತೆ ಕೈ ಸೇರಿಸಿದ ಹೊರಗಿನವರೇ. ಸಬೂಬು ಅಲ್ಲಿಯೂ ಅದೇ: “ಹತ್ತು ರೂಪಾಯಿಗೆ ಯಾರ ಮನೆ ಮುಳುಗುತ್ತೆ?”

ಹಾಗಾದರೆ ಅಂಗಡಿಯವರು ಮಾಡಬೇಕಾದ್ದು ಏನು? ಎಣಿಸುವವನೊಬ್ಬ, ಬರೆಯುವವನೊಬ್ಬ ಇರಲಿ. ವಾರಕ್ಕೊಮ್ಮೆ ಯಜಮಾನರೇ ವಹಿ ನೋಡಲಿ. ಕೆಲಸ ಬಿಟ್ಟವನ ಕೀಲಿ ವಾಪಸು ಬಂದರೆ ಸಾಲದು, ಬೀಗವೇ ಬದಲಾಗಲಿ. ಇದಿಷ್ಟು ಅವಕಾಶಕ್ಕೆ ಮದ್ದು. ಉಳಿದ ಎರಡಕ್ಕೆ ಮದ್ದು ಯಾವ ಬೀಗದಂಗಡಿಯಲ್ಲೂ ಸಿಗುವುದಿಲ್ಲ. ಸಂಬಳ ಹೊತ್ತಿಗೆ ಸರಿಯಾಗಿ ಕೊಡಬೇಕು, ನಾಲ್ಕು ಜನರ ಮುಂದೆ ಮಾನ ತೆಗೆಯಬಾರದು, ಮುಖ ಬಾಡಿದ್ದರೆ “ಯಾಕೋ ತಮ್ಮಾ, ಊಟ ಮಾಡ್ದ್ಯಾ, ಏನ್ ಕಷ್ಟ?” ಎಂದು ಕೇಳಬೇಕು.

ಕೇಳಿದ ತಕ್ಷಣ ಅವನು ಹೇಳಲಿಕ್ಕಿಲ್ಲ. ಆದರೆ ಹೇಳಿಕೊಳ್ಳಲು ಒಬ್ಬರಿದ್ದಾರೆ ಎಂದು ಗೊತ್ತಾದರೆ, ಗಲ್ಲದ ಕಡೆ ಹೋದ ಕೈ ಒಮ್ಮೆಯಾದರೂ ತಡೆದೀತು. ಇವತ್ತು ಷಟರ್ ಎಳೆಯುವ ಮುನ್ನ ಬೀಗ ಜಗ್ಗಿ ನೋಡಿ, ಸರಿ. ಜೊತೆಗೆ ಕೀಲಿ ಹಿಡಿದವನ ಮುಖವನ್ನೂ ಒಂದು ಸಲ ನೋಡಿ.