ನಿಮಗಿದು ಗೊತ್ತೆ? ಬೋರಲು ಮಲಗಿದರೆ ಉಸಿರು ಸಲೀಸು!

ಶ್ವಾಸಕೋಶಗಳು ಸೋತು ವೆಂಟಿಲೇಟರ್ ಯಂತ್ರದ ಆಶ್ರಯದಲ್ಲಿರುವ ರೋಗಿಯನ್ನು, ಹೊಸ ಔಷಧವೊಂದನ್ನೂ ಕೊಡದೆ, ಕೇವಲ ಬೋರಲು ಮಲಗಿಸಿದ ಮಾತ್ರದಿಂದಲೇ ಅವನ ರಕ್ತದಲ್ಲಿ ಆಮ್ಲಜನಕದ ಪ್ರಮಾಣವು ಅನೇಕ ವೇಳೆ ಏರುವುದುಂಟು. ಶ್ವಾಸಕೋಶದ ಹೆಚ್ಚಿನ ಭಾಗವು ಬೆನ್ನಿನ ಕಡೆಗಿರುವುದರಿಂದ, ಅಂಗಾತ ಮಲಗಿದವನಲ್ಲಿ ಹೃದಯದ ಭಾರವೂ ನೀರೂರಿದ ಶ್ವಾಸಕೋಶದ ಸ್ವಂತ ಭಾರವೂ ಸೇರಿ ಅಲ್ಲಿನ ಗಾಳಿಗೂಡುಗಳನ್ನು ಅದುಮಿ ಮುಚ್ಚಿಬಿಡುತ್ತವೆ. ಬೋರಲಾದಾಗ ಅವು ತೆರೆದುಕೊಳ್ಳುತ್ತವೆ, ರಕ್ತವಾದರೋ ಬಹುಮಟ್ಟಿಗೆ ಮೊದಲಿನಂತೆ ಬೆನ್ನಿನತ್ತಲೇ ಹರಿಯುತ್ತಿರುತ್ತದೆ.

ಇದು ಬರಿಯ ನಂಬಿಕೆಯಲ್ಲ. ಮುಖ್ಯವಾಗಿ ಫ್ರಾನ್ಸಿನ ಆಸ್ಪತ್ರೆಗಳಲ್ಲಿ, ಸ್ಥಿತಿ ವಿಷಮಿಸಿದ್ದ 466 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ‘ಪ್ರೊಸೇವಾ’ ಪರೀಕ್ಷೆಯಲ್ಲಿ, ಸಲಕ್ಕೆ ಕನಿಷ್ಠ 16 ಗಂಟೆ ಬೋರಲಿರಿಸಿದವರ ಪೈಕಿ 28 ದಿನಗಳೊಳಗೆ ಮೃತರಾದವರು ಶೇ. 16, ಅಂಗಾತವಾಗಿಯೇ ಇದ್ದವರಲ್ಲಿ ಶೇ. 32.8.

ಹೊರಳಿಸುವುದೇನೂ ಒಬ್ಬರ ಕೈಕೆಲಸವಲ್ಲ: ತಲೆಯ ಬಳಿ ನಿಂತವರು ಗಂಟಲ ನಳಿಕೆಯನ್ನು ಭದ್ರವಾಗಿ ಹಿಡಿದು ಎಣಿಕೆ ಹೇಳಿದೊಡನೆ ಇಕ್ಕೆಲದವರು ಏಕಕಾಲಕ್ಕೆ ತಿರುವಬೇಕು. ಬಳಿಕವೂ ಬಿಡುವಿಲ್ಲ, ಕೆನ್ನೆಯಲ್ಲಿ ಒತ್ತುಹುಣ್ಣು ಏಳದಂತೆ ಕೆಲವು ಗಂಟೆಗಳಿಗೊಮ್ಮೆ ಮುಖವನ್ನು ಎಡಕ್ಕೂ ಬಲಕ್ಕೂ ಹೊರಳಿಸುತ್ತಿರಬೇಕು.